ತೂಕ ಇಳಿಸಿದ, ಬಿಸಿ ಉಳಿಸಿದ: ಕಾಲಿನ್ ಚಾಪ್‌ಮನ್ ಕಥೆ

ಮ್ಯಾಥ್ಸ್ ಬ್ಯಾಕ್ ಉಳಿಸಿಕೊಂಡವರೆಲ್ಲ ಸ್ವಲ್ಪ ಹತ್ತಿರ ಬನ್ನಿ. 1948ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಹುಡುಗ ಗಣಿತದ ಪೇಪರ್ ಪಾಸಾಗದೆ, ಡಿಗ್ರಿ ಇಲ್ಲದೆ ಹೊರಗೆ ಬಂದ. ಮರುವರ್ಷ ಮತ್ತೆ ಬರೆದು ಪಾಸಾದ. ಅದೇ ಹುಡುಗನ ತಂಡ ಮುಂದೆ ಅವನ ಜೀವಿತಕಾಲದಲ್ಲೇ ಏಳು ಸಲ ಫಾರ್ಮುಲಾ ಒನ್ ಕನ್‌ಸ್ಟ್ರಕ್ಟರ್ಸ್ ಚಾಂಪಿಯನ್ ಆಯಿತು. ಅವನ ಹೆಸರು ಕಾಲಿನ್ ಚಾಪ್‌ಮನ್. ಕಂಪನಿಯ ಹೆಸರು ಲೋಟಸ್, ಅಂದರೆ ನಮ್ಮ ತಾವರೆ.

ಈ ಸಲ ಚಾಪ್‌ಮನ್ ಬಗ್ಗೆ ಬರೆಯೋಕೆ ಕಾರಣ ರೇಸ್ ಮಾತ್ರ ಅಲ್ಲ. ಬ್ರಿಟನ್‌ನಲ್ಲಿ ಹಳೆಯ ಲೋಟಸ್ ಕಾರುಗಳನ್ನು ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ ಜೋಡಿಸಿ ಓಡಿಸುವವರು ಇವತ್ತಿಗೂ ಇದ್ದಾರೆ. ಅವರು ತಪ್ಪದೆ ಎದುರಿಸುವ ಒಂದು ಕೆಲಸ ಅಂದ್ರೆ ಬಾನೆಟ್ ಕೆಳಗಿನ ಬಿಸಿ ಮತ್ತು ಸದ್ದು ಒಳಗೆ ಕೂತವರಿಗೆ ತಟ್ಟದ ಹಾಗೆ ಇನ್ಸುಲೇಷನ್ ಹಾಕುವುದು. ಫ್ಯಾಕ್ಟರಿಯಲ್ಲೇ ಮಾಡಬಹುದಾಗಿದ್ದ ಕೆಲಸ ಮನೆಗೆ ಯಾಕೆ ಬಂತು ಎಂದು ಹುಡುಕಿದರೆ ಚಾಪ್‌ಮನ್‌ನ ಇಡೀ ಬದುಕೇ ಕಣ್ಣ ಮುಂದೆ ಬರುತ್ತದೆ.

ಹೋಟೆಲ್ ಹಿಂದಿನ ಕುದುರೆ ಲಾಯ

ಚಾಪ್‌ಮನ್ ಹುಟ್ಟಿದ್ದು 1928ರ ಮೇ 19ರಂದು, ಲಂಡನ್ ಪಕ್ಕದ ರಿಚ್ಮಂಡ್‌ನಲ್ಲಿ. ಅಪ್ಪ ಉತ್ತರ ಲಂಡನ್ನಿನ ಹಾರ್ನ್ಸಿಯಲ್ಲಿ ರೈಲ್ವೇ ಹೋಟೆಲ್ ನಡೆಸುತ್ತಿದ್ದರು. ಮಗ ಓದಿನ ಜೊತೆಗೇ ಸೆಕೆಂಡ್‌ಹ್ಯಾಂಡ್ ಕಾರು ವ್ಯಾಪಾರಕ್ಕೆ ಇಳಿದ. ಯುದ್ಧ ಮುಗಿದಿತ್ತು, ಹೊಸ ಕಾರು ಸಿಗುತ್ತಿರಲಿಲ್ಲ, ಹಳೆಯದಕ್ಕೆ ಒಳ್ಳೇ ಬೆಲೆ ಇತ್ತು. ಆದರೆ 1947ರ ಕೊನೆಯಲ್ಲಿ ಸರ್ಕಾರ ಖಾಸಗಿ ಕಾರುಗಳಿಗೆ ಕೊಡುತ್ತಿದ್ದ ಪೆಟ್ರೋಲ್ ರೇಷನ್ ನಿಲ್ಲಿಸಿದಾಗ ಬೆಲೆ ದಢಾರನೆ ಬಿತ್ತು. ಕೈಯಲ್ಲಿ ಉಳಿದದ್ದು ಯಾರೂ ಕೊಳ್ಳದ ಒಂದು ಹಳೆಯ ಆಸ್ಟಿನ್ ಸೆವೆನ್.

ಮಾರಾಟ ಆಗದಿದ್ದರೆ ಏನಂತೆ, ಇದನ್ನೇ ಬೇರೆ ಕಾರು ಮಾಡೋಣ ಅಂತ ಹೊರಟ. ಗೆಳತಿ ಹೇಝಲ್ ವಿಲಿಯಮ್ಸ್ ಮನೆಯ ಹಿಂದೆ ಒಂದು ಪುಟ್ಟ ಗ್ಯಾರೇಜ್ ಇತ್ತು. ಅಲ್ಲಿ ಹಳೆ ಬಾಡಿ ಕಿತ್ತು, ಅಲ್ಯುಮಿನಿಯಂ ಹೊದಿಸಿದ ಪ್ಲೈವುಡ್‌ನಿಂದ ಹೊಸ ಬಾಡಿ ಕಟ್ಟಿದ. ಅದೇ ಮೊದಲ ಲೋಟಸ್. ಸಿವಿಲ್‌ನವರು ಇಲ್ಲಿ ಕಾಲರ್ ಮೇಲೆತ್ತಿಕೊಳ್ಳಬಹುದು. ಟ್ರಸ್, ಬೀಮ್, ಬೆಂಡಿಂಗ್ ಮೊಮೆಂಟ್ ಅಂತ ಓದಿದ್ದನ್ನು ಈ ಹುಡುಗ ಸೇತುವೆಗೆ ಬದಲು ಕಾರಿಗೆ ಹಾಕಿದ.

ವಿಮಾನ ಹಾರಿಸೋದನ್ನೂ ಆತ ಕಾಲೇಜಿನಲ್ಲಿದ್ದಾಗಲೇ ಕಲಿತಿದ್ದ. ಸ್ವಲ್ಪ ಕಾಲ ವಾಯುಪಡೆಯಲ್ಲಿದ್ದು, ಆಮೇಲೆ ಬ್ರಿಟಿಷ್ ಅಲ್ಯುಮಿನಿಯಂ ಕಂಪನಿಗೆ ಸೇರಿದ. ಕಟ್ಟಡಗಳಿಗೆ ಉಕ್ಕಿನ ಬದಲು ಅಲ್ಯುಮಿನಿಯಂ ಬಳಸಿ ಅಂತ ಜನರನ್ನು ಒಪ್ಪಿಸುವ ಕೆಲಸ. ಹಗಲು ಅದು, ಸಂಜೆ ಕಾರು. 1952ರ ಜನವರಿ 1ರಂದು ಹೇಝಲ್ ಕೊಟ್ಟ 25 ಪೌಂಡ್ ಸಾಲ ಹಾಕಿ, ಅಪ್ಪನ ಹೋಟೆಲಿನ ಹಿಂದಿದ್ದ ಕುದುರೆ ಲಾಯದಲ್ಲಿ ಲೋಟಸ್ ಎಂಜಿನಿಯರಿಂಗ್ ಶುರುವಾಯಿತು. 1954ರಲ್ಲಿ ಇಬ್ಬರಿಗೂ ಮದುವೆಯಾಯಿತು.

ಪೆಟ್ಟಿಗೆಯಲ್ಲಿ ಬರುವ ಕಾರು

ಚಾಪ್‌ಮನ್ ಹತ್ತಿರ ದೊಡ್ಡ ಎಂಜಿನ್ ಮಾಡಲು ದುಡ್ಡಿರಲಿಲ್ಲ. ನ್ಯೂಟನ್ನನ ಎರಡನೇ ನಿಯಮ ಎಲ್ಲರಿಗೂ ಒಂದೇ. ಬಲ ಹೆಚ್ಚಿಸೋಕೆ ಆಗದಿದ್ದರೆ ತೂಕ ಕಡಿಮೆ ಮಾಡಬೇಕು. ತೂಕ ಕಡಿಮೆಯಾದರೆ ಬ್ರೇಕ್ ಚಿಕ್ಕದಿದ್ದರೂ ಸಾಕು, ಟೈರ್ ಕಡಿಮೆ ಸವೆಯುತ್ತದೆ, ತಿರುವಿನಲ್ಲೂ ಲಾಭ. ಒಂದು ಭಾಗದಿಂದ ಎರಡು ಕೆಲಸ ತೆಗೆಯುವುದು, ಯಾವ ಕೆಲಸವೂ ಇಲ್ಲದ ಭಾಗವನ್ನು ಕಿತ್ತುಹಾಕುವುದು, ಇದು ಆತನ ದಾರಿ.

ಮಾರ್ಕ್ ಸಿಕ್ಸ್ ಮತ್ತು 1957ರ ಸೆವೆನ್ ಎರಡೂ ಹೀಗೇ ಹುಟ್ಟಿದವು. ತೆಳು ಪೈಪುಗಳ ಚೌಕಟ್ಟು, ಮೇಲೆ ಅಲ್ಯುಮಿನಿಯಂ ತಗಡು, ಎರಡು ಸೀಟು, ಒಂದು ಎಂಜಿನ್. ಮುಗೀತು. ಬ್ರಿಟನ್‌ನಲ್ಲಿ ಆಗ ಪೂರ್ತಿ ಜೋಡಿಸಿದ ಹೊಸ ಕಾರಿಗೆ ಖರೀದಿ ತೆರಿಗೆ ಕಟ್ಟಬೇಕಿತ್ತು, ಬಿಡಿಭಾಗಗಳಾಗಿ ಕೊಂಡರೆ ತೆರಿಗೆ ಇಲ್ಲ. ಹಾಗಾಗಿ ಲೋಟಸ್ ಕಾರನ್ನು ಬಿಡಿಬಿಡಿಯಾಗಿ ಮಾರಿತು, ಕೊಂಡವರು ಮನೆಯಲ್ಲಿ ಜೋಡಿಸಿಕೊಂಡರು. ಜೋಡಿಸುವ ವಿಧಾನದ ಪುಸ್ತಕ ಕೊಟ್ಟರೆ ತೆರಿಗೆಯವರ ತಕರಾರು ಬರುತ್ತೆ ಅಂತ, ಬಿಚ್ಚುವ ವಿಧಾನದ ಪುಸ್ತಕ ಕೊಟ್ಟರು, ಅದನ್ನು ಹಿಂದುಮುಂದಾಗಿ ಓದಿಕೊಂಡರಾಯಿತು ಎಂಬ ಕಥೆ ಲೋಟಸ್ ಅಭಿಮಾನಿಗಳಲ್ಲಿ ಬಹಳ ಪ್ರಸಿದ್ಧ.

ಇಲ್ಲಿ ಒಂದು ವಿಷಯ ಗಮನಿಸಿ. ಕಾರು ಕೊಂಡವನೇ ಕಾರು ಕಟ್ಟುವವನೂ ಆದಾಗ, ಫ್ಯಾಕ್ಟರಿ ಬಿಟ್ಟದ್ದನ್ನೆಲ್ಲ ತುಂಬಿಕೊಳ್ಳುವ ಹೊಣೆ ಅವನ ಹೆಗಲಿಗೇ ಬೀಳುತ್ತದೆ. ಸೆವೆನ್‌ನಲ್ಲಿ ಕಾಲಿಡುವ ಜಾಗಕ್ಕೂ ಎಂಜಿನ್ನಿಗೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ಅನೇಕ ಸೆವೆನ್‌ಗಳಲ್ಲಿ ಎಕ್ಸಾಸ್ಟ್ ಪೈಪ್ ಬಾಡಿಯ ಪಕ್ಕದಲ್ಲೇ, ಹೊರಗೇ ಹೋಗುತ್ತದೆ. ಬೈಕಿನ ಸೈಲೆನ್ಸರ್‌ಗೆ ಮೀನಖಂಡ ತಾಗಿಸಿಕೊಂಡ ಅನುಭವ ಇದ್ದವರಿಗೆ ಅದರಿಂದ ಇಳಿಯುವ ಕಷ್ಟ ವಿವರಿಸಿ ಹೇಳಬೇಕಾಗಿಲ್ಲ.

ಫೈಬರ್ ಚಿಪ್ಪಿನೊಳಗೆ

1957ರಲ್ಲಿ ಬಂದ ಎಲೀಟ್ ಇನ್ನೂ ದೊಡ್ಡ ಸಾಹಸ. ಆ ಕಾರಿಗೆ ಚಾಸಿಯೇ ಇರಲಿಲ್ಲ. ಮೊಟ್ಟೆಯ ಚಿಪ್ಪಿನ ಹಾಗೆ ಇಡೀ ಗ್ಲಾಸ್ ಫೈಬರ್ ಬಾಡಿಯೇ ಭಾರ ಹೊರುತ್ತಿತ್ತು, ಉಕ್ಕು ಇದ್ದದ್ದು ಕೆಲವೇ ಕಡೆ. ಗಾಳಿಯನ್ನು ಸೀಳುವ ಆಕಾರಕ್ಕೆ ಡ್ರ್ಯಾಗ್ ಕೋಎಫಿಷಿಯೆಂಟ್ 0.29. ಆ ಕಾಲಕ್ಕೆ ಅದ್ಭುತ. ಎಂಜಿನ್ ಕವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯ 1216 ಸಿಸಿಯದು. ಆ ಎಂಜಿನ್ ವಂಶದ ಮೂಲ ಯಾವುದು ಗೊತ್ತಾ? ಬೆಂಕಿ ಆರಿಸುವ ಪಂಪಿಗಾಗಿ ಮಾಡಿದ್ದು, ಎತ್ತಿಕೊಂಡು ಓಡಲು ಬರಬೇಕು ಅಂತ ಹಗುರ ಮಾಡಿದ್ದು.

ಆದರೆ ಒಳಗೆ ಕೂತವರ ಪಾಡು? ಬಾಗಿಲಿನ ಬಾಗಿದ ಆಕಾರದಿಂದಾಗಿ ಕಿಟಕಿ ಗಾಜು ಕೆಳಗೆ ಇಳಿಯುತ್ತಿರಲಿಲ್ಲ. ಹಿಂದಿನ ಡಿಫರೆನ್ಶಿಯಲ್ ನೇರ ಫೈಬರ್ ಬಾಡಿಗೇ ಕೂತಿದ್ದರಿಂದ ಗೇರಿನ ಕಂಪನವೆಲ್ಲ ತಮಟೆಗೆ ಬಡಿದ ಹಾಗೆ ಇಡೀ ಚಿಪ್ಪಿನಲ್ಲಿ ಮೊಳಗುತ್ತಿತ್ತು. ನೋಡಲು ಎಷ್ಟು ಚಂದವೋ ಒಳಗೆ ಅಷ್ಟೇ ಸೆಕೆ, ಅಷ್ಟೇ ಗಲಾಟೆ. ಕಂಪನಿಗೂ ಅದರಿಂದ ನಷ್ಟವೇ ಆಯಿತು.

ಪಾಠ ಕಲಿತು 1962ರಲ್ಲಿ ಎಲಾನ್ ತಂದರು. ಇದರಲ್ಲಿ ಮಧ್ಯೆ ಬೆನ್ನೆಲುಬಿನ ಹಾಗೆ ಮಡಿಸಿದ ಉಕ್ಕಿನ ಚಾಸಿ, ಮೇಲೆ ಫೈಬರ್ ಬಾಡಿ. ಬೆನ್ನೆಲುಬಿನ ಮುಂದಿನ ತುದಿ ಕವೆಯಂತೆ ಒಡೆದು ಎಂಜಿನ್ ಹಿಡಿದುಕೊಳ್ಳುತ್ತದೆ, ಗೇರ್‌ಬಾಕ್ಸ್ ಅದರ ಹೊಟ್ಟೆಯೊಳಗೆ ಕೂರುತ್ತದೆ. ಇಡೀ ಕಾರಿನ ತೂಕ ನಮ್ಮ ಮಾರುತಿ 800ರ ಆಸುಪಾಸು, ಎಂಜಿನ್ ಮಾತ್ರ 1558 ಸಿಸಿ, ನೂರು ಚಿಲ್ಲರೆ ಹಾರ್ಸ್‌ಪವರ್. ಓಡಿಸಿದವರು ಮರುಳಾಗದೆ ಇರುತ್ತಾರೆಯೇ! ಎಲಾನ್ ವಿನ್ಯಾಸದಲ್ಲಿ ಮುಖ್ಯ ಕೈ ರಾನ್ ಹಿಕ್‌ಮನ್‌ದು. ಮನೆಯಲ್ಲಿ ಮರಗೆಲಸ ಮಾಡುವವರಿಗೆ ವರ್ಕ್‌ಮೇಟ್ ಎಂಬ ಮಡಚುವ ಬೆಂಚು ಕೊಟ್ಟವನೂ ಈತನೇ.

ಎಲಾನ್‌ನಲ್ಲಿ ಬಿಸಿ ಎಲ್ಲಿಂದ ಬರುತ್ತದೆ ನೋಡಿ. ನಮ್ಮ ಹೀಟ್ ಟ್ರಾನ್ಸ್‌ಫರ್ ಪುಸ್ತಕದ ಮೂರೂ ಅಧ್ಯಾಯಗಳು ಅಲ್ಲಿವೆ. ಕಂಡಕ್ಷನ್ ವಿಷಯದಲ್ಲಿ ಫೈಬರ್ ಒಳ್ಳೆಯವನೇ, ಉಕ್ಕಿಗಿಂತ ನೂರು ಪಟ್ಟಿಗೂ ಕಡಿಮೆ ಶಾಖ ಸಾಗಿಸುತ್ತದೆ. ಆದರೆ ಅದೇ ಗುಣ ಇನ್ನೊಂದು ಕಡೆ ಕಾಟ. ತಗಡು ಒಂದು ಕಡೆ ಬಿದ್ದ ಶಾಖವನ್ನು ಸುತ್ತ ಹಂಚಿಬಿಡುತ್ತದೆ, ಫೈಬರ್ ಹಂಚುವುದಿಲ್ಲ, ಬಿಸಿ ಬಿದ್ದಲ್ಲೇ ಕೂತುಬಿಡುತ್ತದೆ. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ನೂರು ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಲು ಶುರು. ಇನ್ನು ಕನ್ವೆಕ್ಷನ್: ಪೆಡಲ್, ಸ್ಟೀರಿಂಗ್ ರಾಡ್, ವೈರ್‌ಗಳಿಗಾಗಿ ಕೊರೆದ ಪ್ರತಿ ತೂತಿನಿಂದಲೂ ಬಿಸಿಗಾಳಿ ನುಗ್ಗುತ್ತದೆ. ಗೇರ್‌ಬಾಕ್ಸ್ ಇರುವ ಟನಲ್ ಮೊಣಕಾಲಿನ ಪಕ್ಕದಲ್ಲೇ ಇದೆ. ಹಳೆಯ ಬಸ್ಸಿನಲ್ಲಿ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂತು ಬಂದವರು ಮನೆಯಲ್ಲಿದ್ದರೆ ಕೇಳಿ, ಅವರು ಹೇಳುತ್ತಾರೆ.

ಮೂರನೆಯದು ರೇಡಿಯೇಷನ್. ಕಾಣದ ಕಳ್ಳ ಇವನೇ. ಎಕ್ಸಾಸ್ಟ್ ಮ್ಯಾನಿಫೋಲ್ಡ್ 500 ಡಿಗ್ರಿ ಸೆಲ್ಸಿಯಸ್ ಇದೆ ಅಂತಿಟ್ಟುಕೊಳ್ಳಿ, ಅಂದರೆ 773 ಕೆಲ್ವಿನ್. ತಾಪದ ನಾಲ್ಕನೇ ಘಾತದ ಲೆಕ್ಕ ಹಾಕಿದರೆ ಅದು 100 ಡಿಗ್ರಿಯ ಮೇಲ್ಮೈಗಿಂತ ಸುಮಾರು 18 ಪಟ್ಟು ಶಾಖ ಹೊರಸೂಸುತ್ತದೆ. ಕಪ್ಪು ಮೇಲ್ಮೈಯಾದರೆ ಒಂದು ಚದರ ಮೀಟರಿಗೆ 20 ಕಿಲೋವಾಟ್.

ಮನೆಯ ಗ್ಯಾರೇಜಿನ ಲೆಕ್ಕ

ಹಾಗಾದರೆ ಮನೆಯಲ್ಲಿ ಇದನ್ನು ಸರಿಮಾಡುವವರು ಏನು ಮಾಡುತ್ತಾರೆ? ದಪ್ಪ ಕಂಬಳಿ ಹೊದಿಸಿದರೆ ಆಯಿತಲ್ಲ ಅನ್ನಿಸಬಹುದು. ಅಲ್ಲೇ ಎಡವಟ್ಟು. ಎಲಾನ್ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್‌ಗಳ ಕೆಳಗೇ ಡಿಸ್ಟ್ರಿಬ್ಯೂಟರ್ ಕೂತಿದೆ. ಮೇಲೆ ಪೆಟ್ರೋಲ್, ಕೆಳಗೆ ಕಿಡಿ. ಪೆಟ್ರೋಲ್, ಆಯಿಲ್ ಕುಡಿಯುವ ಬಟ್ಟೆ ಅಥವಾ ಫೆಲ್ಟ್ ಅಲ್ಲಿ ಅಂಟಿಸಿದರೆ ಬತ್ತಿ ಹೊಸೆದು ಇಟ್ಟ ಹಾಗೆ.

ಕೆಲಸ ಗೊತ್ತಿದ್ದವರ ಕ್ರಮ ಹೀಗಿರುತ್ತದೆ. ಮೊದಲು ಹಳೆಯ ಪ್ಯಾಡ್ ನೋಡಬೇಕು. ಆ ಕಾಲದ ಕಾರುಗಳ ಶಾಖ ತಡೆಯುವ ಪ್ಯಾಡ್, ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಅದನ್ನು ಕೆರೆಯುವುದು, ಒಣ ಪೊರಕೆಯಲ್ಲಿ ಗುಡಿಸುವುದು ಶ್ವಾಸಕೋಶಕ್ಕೆ ಅಪಾಯ. ಅನುಮಾನ ಇದ್ದರೆ ಮುಟ್ಟದೆ ತಿಳಿದವರಿಂದ ತೆಗೆಸಬೇಕು. ಆಮೇಲೆ ಜಿಡ್ಡು ತೊಳೆದು ತೂತುಗಳನ್ನು ರಬ್ಬರ್ ಗ್ರಾಮೆಟ್, ಬೆಂಕಿ ತಡೆಯುವ ಸೀಲೆಂಟ್ ಹಾಕಿ ಮುಚ್ಚುವುದು. ತೂಕ ಹೆಚ್ಚೂಕಮ್ಮಿ ಸೊನ್ನೆ, ಲಾಭ ದೊಡ್ಡದು. ಸದ್ದು ಕೂಡ ತೂತಿನಿಂದಲೇ ಹೆಚ್ಚು ಬರುವುದು.

ಮ್ಯಾನಿಫೋಲ್ಡ್ ಎದುರಿಗೆ ಹೊಳೆಯುವ ಅಲ್ಯುಮಿನಿಯಂ ತಗಡಿನ ಶೀಲ್ಡ್. ಅದನ್ನು ಗೋಡೆಗೆ ಅಂಟಿಸಬಾರದು, ಸಣ್ಣ ಸ್ಪೇಸರ್ ಇಟ್ಟು ಹಿಂದೆ ಗಾಳಿ ಆಡಲು ಜಾಗ ಬಿಡಬೇಕು. ಹೊಳಪಿರುವ ಅಲ್ಯುಮಿನಿಯಂ ಬಿದ್ದ ರೇಡಿಯೇಷನ್‌ನ ಬಹುಪಾಲನ್ನು ವಾಪಸ್ ಕಳಿಸುತ್ತದೆ. ಜಿಡ್ಡು, ಮಸಿ ಕೂತರೆ ಆ ಗುಣ ಹೋಯಿತು, ಆಗಾಗ ಒರೆಸುತ್ತಿರಬೇಕು. ಒಂದು ಮಿಲಿಮೀಟರ್ ದಪ್ಪದ ತಗಡು ಅರ್ಧ ಚದರ ಮೀಟರ್ ಇದ್ದರೆ ತೂಕ 1.35 ಕಿಲೋ. ಕ್ಯಾಬಿನ್ ಒಳಬದಿಗೆ ದ್ರವ ಕುಡಿಯದ, ಸುಲಭವಾಗಿ ಹೊತ್ತಿಕೊಳ್ಳದ ಕ್ಲೋಸ್ಡ್ ಸೆಲ್ ಫೋಮ್, ಒಂದು ಚದರ ಮೀಟರಿಗೆ ಹೆಚ್ಚೆಂದರೆ ಒಂದು ಕಿಲೋ. ಸದ್ದಿಗೆ ಮಾತ್ರ ಮೋಸ ನಡೆಯಲ್ಲ. ಗೋಡೆಯ ತೂಕ ಎರಡು ಪಟ್ಟು ಮಾಡಿದರೆ ಸುಮಾರು 6 ಡೆಸಿಬಲ್ ಕಡಿಮೆಯಾಗುತ್ತದೆ, ಅಷ್ಟೇ. ಹಾಗಾಗಿ ಭಾರದ ಬಿಟುಮೆನ್ ಶೀಟನ್ನು ನಡುಗುವ ಜಾಗಕ್ಕೆ ಮಾತ್ರ ತುಂಡು ಮಾಡಿ ಹಾಕುತ್ತಾರೆ.

ಇಷ್ಟೆಲ್ಲ ಮಾಡಿ ಬಿಸಿಯನ್ನು ಬಾನೆಟ್ ಕೆಳಗೇ ಕೂಡಿಹಾಕಿದರೂ ತಪ್ಪು. ರೇಡಿಯೇಟರ್ ಮೂಲಕ ಬಂದ ಗಾಳಿ ಕೆಳಗಿನಿಂದ ಹೊರಗೆ ಹೋಗುವ ದಾರಿ ತೆರೆದಿರಲೇಬೇಕು. ಇಲ್ಲಾಂದ್ರೆ ಎಂಜಿನ್ ಆಫ್ ಮಾಡಿದ ಮೇಲೆ ಶಾಖ ಏರಿ ಕಾರ್ಬ್ಯುರೇಟರ್‌ನಲ್ಲಿನ ಪೆಟ್ರೋಲ್ ಆವಿಯಾಗಿ, ಮತ್ತೆ ಸ್ಟಾರ್ಟ್ ಮಾಡಲು ಹರಸಾಹಸ.

ಎಲ್ಲ ಕೂಡಿಸಿದರೆ ಐದಾರು ಕಿಲೋ. ಅಷ್ಟರಲ್ಲಿ ಕಾರು ಗಂಟೆಗಟ್ಟಲೆ ಕೂರುವ ಹಾಗಾಗುತ್ತದೆ. ಐದಾರು ಕಿಲೋ ಉಳಿಸುವುದಕ್ಕೆ ಚಾಪ್‌ಮನ್ ಇದನ್ನೆಲ್ಲ ಬಿಟ್ಟದ್ದು ಸರಿಯೇ? ರೇಸಿನಲ್ಲಿ ಒಂದೆರಡು ಗಂಟೆ ಓಡುವ ಕಾರಿಗೆ ಬಹುಶಃ ಸರಿ. ಆದರೆ ಅದೇ ಕೈ, ಅದೇ ಲೆಕ್ಕ, ರೇಸ್ ಕಾರಿನಲ್ಲಿ ಬೇರೆ ಭಾಗಗಳ ಮೇಲೂ ನಡೆಯಿತು.

ಕಿಲೋಗಳ ಬೆಲೆ

ರೇಸಿನಲ್ಲಿ ಚಾಪ್‌ಮನ್ ಮಾಡಿದ್ದು ಒಂದೆರಡಲ್ಲ. 1962ರ ಲೋಟಸ್ 25ರಲ್ಲಿ ಪೈಪುಗಳ ಚೌಕಟ್ಟಿನ ಬದಲು ತಗಡಿನ ಮಾನೊಕಾಕ್ ತಂದ. ಜಿಮ್ ಕ್ಲಾರ್ಕ್ 1963ರಲ್ಲೂ 1965ರಲ್ಲೂ ಲೋಟಸ್‌ನಲ್ಲಿ ವಿಶ್ವ ಚಾಂಪಿಯನ್ ಆದ, 1965ರಲ್ಲೇ ಇಂಡಿಯಾನಾಪೊಲಿಸ್ 500 ಕೂಡ ಗೆದ್ದ. 1967ರ ಲೋಟಸ್ 49ರಲ್ಲಿ ಎಂಜಿನ್ನೇ ಚಾಸಿಯ ಹಿಂಭಾಗವಾಯಿತು. ಹಿಂದಿನ ಸಸ್ಪೆನ್ಷನ್ ಎಂಜಿನ್, ಗೇರ್‌ಬಾಕ್ಸ್‌ಗೇ ಜೋಡಣೆ. ಒಂದು ಭಾಗಕ್ಕೆ ಎರಡು ಕೆಲಸ ಅಂದರೆ ಇದೇ.

1970ರ ಲೋಟಸ್ 72 ಶಾಖದ ಲೆಕ್ಕದಲ್ಲಿ ನಮಗೆ ಹೆಚ್ಚು ಇಷ್ಟವಾಯಿತು. ಅದುವರೆಗೆ ರೇಡಿಯೇಟರ್ ಮೂತಿಯಲ್ಲಿ, ಎಂಜಿನ್ ಹಿಂದೆ. ಕುದಿನೀರಿನ ಕೊಳವೆಗಳು ಡ್ರೈವರ್ ಪಕ್ಕದಲ್ಲೇ ಹಾದುಹೋಗಬೇಕಿತ್ತು. 72ರಲ್ಲಿ ರೇಡಿಯೇಟರ್‌ಗಳನ್ನು ಎರಡೂ ಪಕ್ಕಕ್ಕೆ, ಎಂಜಿನ್ ಹತ್ತಿರ ತಂದರು. ಮೂತಿ ಚೂಪಾಯಿತು, ಕೊಳವೆ ಗಿಡ್ಡವಾಯಿತು, ಡ್ರೈವರ್ ಕಾಲಿನ ಬಳಿ ತಂಪಾಯಿತು. ಒಂದು ಗ್ರಾಂ ಇನ್ಸುಲೇಷನ್ ಹಾಕದೆ ಬಿಸಿಯನ್ನು ಮನುಷ್ಯನಿಂದ ದೂರ ಇಟ್ಟ ಕೆಲಸ ಅದು.

ಆದರೆ ಹಗುರ ಕಾರು ಮುರಿಯುತ್ತಿತ್ತು. 1960ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಸ್ಟರ್ಲಿಂಗ್ ಮಾಸ್ ಓಡಿಸುತ್ತಿದ್ದ ಲೋಟಸ್‌ನ ಚಕ್ರ ಕಳಚಿ ಅವನ ಕಾಲು ಮುರಿಯಿತು. ಅಲ್ಲೇ ಮೈಕ್ ಟೇಲರ್ ಎಂಬ ಡ್ರೈವರನ ಲೋಟಸ್‌ನಲ್ಲಿ ಸ್ಟೀರಿಂಗ್ ತುಂಡಾಯಿತು. ಅವನ ರೇಸ್ ಬದುಕು ಅಲ್ಲಿಗೆ ಮುಗಿಯಿತು, ಆತ ಲೋಟಸ್ ಮೇಲೆ ಕೇಸ್ ಹಾಕಿ ಗೆದ್ದ. 1968ರ ಏಪ್ರಿಲ್ 7ರಂದು ಹಾಕನ್‌ಹೈಮ್‌ನಲ್ಲಿ ಜಿಮ್ ಕ್ಲಾರ್ಕ್ ಸತ್ತ. ಚಾಪ್‌ಮನ್‌ಗೆ ಆತ ಡ್ರೈವರ್ ಮಾತ್ರ ಆಗಿರಲಿಲ್ಲ, ಆಪ್ತ ಗೆಳೆಯ. ಆ ಏಟಿನಿಂದ ಪೂರ್ತಿ ಚೇತರಿಸಿಕೊಳ್ಳಲಿಲ್ಲ ಅಂತಾರೆ ಹತ್ತಿರದಿಂದ ಕಂಡವರು.

1969ರಲ್ಲಿ ಬಾರ್ಸಿಲೋನಾದಲ್ಲಿ ಎರಡೂ ಲೋಟಸ್ ಕಾರುಗಳ ಎತ್ತರದ ರೆಕ್ಕೆ ಮುರಿದು ಬಿದ್ದಿತು. ಗಾಯಗೊಂಡ ಯೋಹೆನ್ ರಿಂಟ್ ಆಮೇಲೆ ಚಾಪ್‌ಮನ್‌ಗೆ ಒಂದು ಪತ್ರ ಬರೆದ. ಅದರ ತಾತ್ಪರ್ಯ ಇಷ್ಟು: ಕಾರು ಈಗಲೇ ಬೇಕಾದಷ್ಟು ವೇಗವಾಗಿದೆ, ಕೆಲವು ಕಿಲೋ ಸೇರಿಸಿ ದುರ್ಬಲ ಭಾಗಗಳನ್ನು ಗಟ್ಟಿ ಮಾಡಿದರೂ ನಾವು ಗೆಲ್ಲುತ್ತೇವೆ, ನಂಬಿಕೆ ಇರುವ ಕಾರನ್ನು ಮಾತ್ರ ನಾನು ಓಡಿಸಬಲ್ಲೆ. ಮರುವರ್ಷ 1970ರ ಸೆಪ್ಟೆಂಬರ್ 5ರಂದು ಮೊಂಜಾದಲ್ಲಿ ಅಭ್ಯಾಸದ ವೇಳೆ ರಿಂಟ್ ಸತ್ತ. ಲೋಟಸ್ 72ರ ಮುಂದಿನ ಬ್ರೇಕ್ ಶಾಫ್ಟ್ ತುಂಡಾಗಿತ್ತು. ಟ್ರ್ಯಾಕ್ ಪಕ್ಕದ ತಡೆಬೇಲಿ ಸರಿಯಾಗಿ ಕೂರಿಸದೇ ಇದ್ದದ್ದೂ ಸಾವಿಗೆ ಕಾರಣವಾಯಿತು. ಆ ವರ್ಷದ ಚಾಂಪಿಯನ್ ಪಟ್ಟ ಸತ್ತ ಮೇಲೆ ಅವನಿಗೆ ಬಂತು. ಹಾಗೆ ಪಟ್ಟ ಪಡೆದವನು ಇವತ್ತಿಗೂ ಅವನೊಬ್ಬನೇ.

ಕೊನೆಯ ವರ್ಷಗಳು

ಗೆಲುವು ನಿಲ್ಲಲಿಲ್ಲ. 1972ರಲ್ಲಿ ಎಮರ್ಸನ್ ಫಿಟಿಪಾಲ್ಡಿ, 1978ರಲ್ಲಿ ಕಾರಿನ ಹೊಟ್ಟೆ ಕೆಳಗಿನ ಗಾಳಿಯಿಂದಲೇ ನೆಲಕ್ಕೆ ಅಂಟಿ ಓಡುವ ಗ್ರೌಂಡ್ ಎಫೆಕ್ಟ್ ಲೋಟಸ್ 79ರಲ್ಲಿ ಮಾರಿಯೋ ಆಂಡ್ರೆಟ್ಟಿ ಚಾಂಪಿಯನ್ ಆದರು. 1966ರಿಂದ ಕಂಪನಿ ನಾರ್ಫೋಕ್‌ನ ಹೆಥಲ್‌ನಲ್ಲಿ, ಹಳೆಯ ಯುದ್ಧವಿಮಾನ ನಿಲ್ದಾಣದಲ್ಲಿತ್ತು. 1973ರಲ್ಲಿ ತೆರಿಗೆ ಪದ್ಧತಿ ಬದಲಾಗಿ ಬಿಡಿಭಾಗದ ಕಾರಿನ ಲಾಭ ಹೋಯಿತು. ಸೆವೆನ್ ಮಾಡುವ ಹಕ್ಕು ಕೇಟರಮ್‌ನವರ ಪಾಲಾಯಿತು, ಅವರು ಇವತ್ತಿಗೂ ಮಾಡುತ್ತಿದ್ದಾರೆ.

ಕೊನೆಯ ಅಧ್ಯಾಯ ಚೆನ್ನಾಗಿಲ್ಲ. ಡಿಲೋರಿಯನ್ ಕಾರಿನ ಎಂಜಿನಿಯರಿಂಗ್ ಕೆಲಸವನ್ನು ಲೋಟಸ್ ಒಪ್ಪಿಕೊಂಡಿತ್ತು. ಅದಕ್ಕೆ ಮೀಸಲಾದ ಸುಮಾರು 1.76 ಕೋಟಿ ಡಾಲರ್ ಪನಾಮಾದಲ್ಲಿ ನೋಂದಾಯಿಸಿದ ಒಂದು ಕಂಪನಿಯ ಮೂಲಕ ಹೋಗಿ ಮಾಯವಾಯಿತು. ತನಿಖೆ ಮುಗಿಯುವ ಮೊದಲೇ, 1982ರ ಡಿಸೆಂಬರ್ 16ರಂದು, ಚಾಪ್‌ಮನ್ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 54. ಅದೇ ದಿನ ಅವನ ತಂಡ ಆಕ್ಟಿವ್ ಸಸ್ಪೆನ್ಷನ್ ಇದ್ದ ಕಾರನ್ನು ಪರೀಕ್ಷಿಸುತ್ತಿತ್ತು. ಹತ್ತು ವರ್ಷದ ನಂತರ ಅವನ ಹಣಕಾಸು ನಿರ್ದೇಶಕ ಫ್ರೆಡ್ ಬುಶೆಲ್ ಜೈಲಿಗೆ ಹೋದ. ಚಾಪ್‌ಮನ್ ಬದುಕಿದ್ದರೆ ಅವನಿಗೂ ದೀರ್ಘ ಶಿಕ್ಷೆ ಆಗುತ್ತಿತ್ತು ಎಂದು ನ್ಯಾಯಾಧೀಶರೇ ಹೇಳಿದರು.

ನಾವು ಈ ಬದುಕಿನಿಂದ ಏನು ತೆಗೆದುಕೊಳ್ಳಬೇಕು? ಫಾರ್ಮುಲಾ ಸ್ಟೂಡೆಂಟ್, ಬಾಹಾ ಕಾರುಗಳನ್ನು ಕಟ್ಟುವ ನಮ್ಮಂಥವರು ಚಾಪ್‌ಮನ್ ಮಕ್ಕಳೇ. ಎಲ್ಲಿ ತೂತು ಕೊರೆದು ಐವತ್ತು ಗ್ರಾಂ ಉಳಿಸಬಹುದು ಅಂತ ರಾತ್ರಿಯೆಲ್ಲ ಯೋಚಿಸುತ್ತೇವೆ. ಅದು ಒಳ್ಳೆಯದೇ. ಆದರೆ ಆ ಸ್ಪರ್ಧೆಗಳ ನಿಯಮದಲ್ಲಿ ಡ್ರೈವರಿಗೂ ಎಂಜಿನ್, ಇಂಧನಕ್ಕೂ ನಡುವೆ ಫೈರ್‌ವಾಲ್ ಇರಲೇಬೇಕು ಅಂತ ಬರೆದಿರುವುದು ಸುಮ್ಮನೆ ಅಲ್ಲ. ಒಂದು ಭಾಗ ತೆಗೆಯುವ ಮೊದಲು ಅದು ಯಾವ ಭಾರ ಹೊರುತ್ತಿತ್ತು ಅಂತ ಮಾತ್ರ ಕೇಳಿದರೆ ಸಾಲದು. ತೆಗೆದ ಮೇಲೆ ಆ ಭಾರ, ಆ ಬಿಸಿ, ಆ ಅಪಾಯ ಯಾರ ಮೈಮೇಲೆ ಬೀಳುತ್ತದೆ ಅಂತಲೂ ಕೇಳಬೇಕು. ಹಳೆಯ ಎಲಾನ್ ಕೆಳಗೆ ಮಲಗಿ ಸ್ಪೇಸರ್ ಇಟ್ಟು ತಗಡು ಕೂರಿಸುವವರು ಚಾಪ್‌ಮನ್‌ನನ್ನು ಬೈಯುವುದಿಲ್ಲ, ಅವನ ಕಾರನ್ನು ಪ್ರೀತಿಸಿಯೇ ಆ ಕೆಲಸ ಮಾಡುತ್ತಾರೆ. ಅವನು ಬಿಟ್ಟ ಐದಾರು ಕಿಲೋಗಳನ್ನು ಅಳೆದು ತೂಗಿ ವಾಪಸ್ ಸೇರಿಸುತ್ತಾರೆ. ರಿಂಟ್ ಕೇಳಿದ್ದೂ ಅಷ್ಟೇ ಆಗಿತ್ತು.